ಅಪ್ಪನಿಗೆ ಕೈ ನಡುಕ: ಶಿವಮೊಗ್ಗ ಕಡೆ ನಮ್ಮ ಇನ್ಶೂರೆನ್ಸ್ ನಡೆಯುವ ನ್ಯೂರಾಲಜಿಸ್ಟ್ ಯಾರಿದ್ದಾರೆ?

ಜಂಬಗಾರು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಸಾಗರದಲ್ಲಿದ್ದಾರೆ. ನಾನು ಒಬ್ಬಳೇ ಮಗಳು.

ಅಪ್ಪನಿಗೆ 67 ವರ್ಷ. ಹೋದ ವರ್ಷದಿಂದ ಬಲಗೈ ನಡುಗುತ್ತಿದೆ. ಸುಮ್ನೆ ಕೂತು ಟಿವಿ ನೋಡುವಾಗ ಜಾಸ್ತಿ, ಕಾಫಿ ಲೋಟ ಎತ್ತುವಾಗ ಕಡಿಮೆ. ನಡಿಗೆಯೂ ನಿಧಾನ ಆಗಿದೆ. ವಯಸ್ಸಾಯಿತು ಅಂತ ನಾವು ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಮೊನ್ನೆ ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಿಂದ ಚೆಕ್ ವಾಪಸ್ ಬಂತು. ಹಳೇ ಪಾಸ್‌ಬುಕ್ ತೆಗೆದು ನೋಡಿದರೆ, ದೊಡ್ಡದಾಗಿ ಇಡೀ ಗೆರೆ ತುಂಬುತ್ತಿದ್ದ ಸಹಿ ಈಗ ಇರುವೆ ಸಾಲಿನಷ್ಟು ಆಗಿದೆ. ಊರಿನ ಡಾಕ್ಟರು ಒಮ್ಮೆ ನ್ಯೂರಾಲಜಿಸ್ಟ್‌ಗೆ ತೋರಿಸಿ ಅಂದರು.

ನನ್ನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ, ಅಮ್ಮ ಇಬ್ಬರೂ ಇದ್ದಾರೆ, 5 ಲಕ್ಷದ್ದು. ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಆ್ಯಪ್‌ನಲ್ಲಿ ಶಿವಮೊಗ್ಗ ಅಂತ ಹಾಕಿದರೆ ಆಸ್ಪತ್ರೆಗಳ ಪಟ್ಟಿ ಬರುತ್ತದೆ. ಯಾವ ಡಾಕ್ಟರು ಅಂತ ಬರುವುದಿಲ್ಲ. ಫೋನ್ ಮಾಡಿದರೆ ಒಂದು ಕಡೆ "ಕಾರ್ಡ್ ತಗೊಂಡು ಬನ್ನಿ, ನೋಡೋಣ" ಅಂದರು. ಇನ್ನೊಂದು ಕಡೆ "ಓಪಿಡಿಗೆ (ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವುದಕ್ಕೆ) ಇನ್ಶೂರೆನ್ಸ್ ಇಲ್ಲ" ಅಂತ ಫೋನ್ ಇಟ್ಟೇಬಿಟ್ಟರು.

ಸಾಗರ, ಶಿವಮೊಗ್ಗ ಕಡೆ ಇನ್ಶೂರೆನ್ಸ್ ತೆಗೆದುಕೊಳ್ಳುವ ನ್ಯೂರಾಲಜಿಸ್ಟ್ ಹುಡುಕುವುದು ಹೇಗೆ? ಗೊತ್ತಿದ್ದವರು ಹೇಳಿ, ದಯವಿಟ್ಟು.

ಅಡಕೆ ತೋಟ

ನಮ್ಮದು ಹೊಸನಗರ ಕಡೆ. ಶಿವಮೊಗ್ಗದಲ್ಲಿ ನ್ಯೂರಾಲಜಿಸ್ಟ್‌ಗಳು ಇದ್ದಾರೆ. ಅಲ್ಲೇ ಇರುವವರು ಕೆಲವರು, ಹೊರಗಿನಿಂದ ವಾರಕ್ಕೋ ಹದಿನೈದು ದಿನಕ್ಕೋ ಬಂದು ಹೋಗುವವರು ಕೆಲವರು. ನಮ್ಮ ಕಡೆಯವರು ಜಾಸ್ತಿ ಮಣಿಪಾಲಕ್ಕೇ ಹೋಗುವುದು. ನಮ್ಮ ಅತ್ತೆಯನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದೆವು. ಮಣಿಪಾಲ್ ಆರೋಗ್ಯ ಕಾರ್ಡ್ ಮಾಡಿಸಿಕೊಂಡರೆ ಡಾಕ್ಟರ ಫೀಸು, ಪರೀಕ್ಷೆಗಳಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ. ಅದು ಇನ್ಶೂರೆನ್ಸ್ ಅಲ್ಲ, ರಿಯಾಯಿತಿ ಕಾರ್ಡ್ ಅಷ್ಟೇ.

ಈಗ ಮಳೆ. ಹುಲಿಕಲ್ ಘಾಟಿ ಇಳಿಸಿಕೊಂಡು ವಯಸ್ಸಾದವರನ್ನು ಕರೆದೊಯ್ಯುವುದು ಕಷ್ಟ. ಆದಷ್ಟು ಶಿವಮೊಗ್ಗದಲ್ಲೇ ನೋಡಿ.

ರಾಜಾಜಿನಗರ ಫಸ್ಟ್ ಮೇನ್

ನಿಮ್ಹಾನ್ಸ್‌ಗೆ ಕರೆದುಕೊಂಡು ಬನ್ನಿ. ಬೇರೆ ಮಾತೇ ಬೇಡ.

ಹುಬ್ಳಿ ಮಂದಿ

ಏನ್ರೀ, ಎಲ್ಲದಕ್ಕೂ ನಿಮ್ಹಾನ್ಸ್ ಅಂದರೆ ಹೆಂಗ್ರೀ? ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರ್ ಚಿಲ್ಲರೆ. ಬೆಂಗಳೂರು ಅಂದರೆ ಒಂದು ರಾತ್ರಿಯ ಪ್ರಯಾಣ. ಅಕ್ಕಾರು ಕೇಳಿದ್ದು ಹತ್ತಿರದ ಡಾಕ್ಟರು, ಅದೂ ಇನ್ಶೂರೆನ್ಸ್ ನಡೆಯುವ ಕಡೆ. ನಮ್ಮ ಕಡೆಯವರಾದರೂ ಮೊದಲು ಹುಬ್ಬಳ್ಳಿ ಕಿಮ್ಸ್, ಧಾರವಾಡದ ಡಿಮ್ಹಾನ್ಸ್ ನೋಡಿಕೊಂಡು, ಅಲ್ಲಿ ಆಗದಿದ್ದರೆ ಬೆಂಗಳೂರಿನ ರೈಲು ಹತ್ತುತ್ತಾರೆ.

ರಾಜಾಜಿನಗರ ಫಸ್ಟ್ ಮೇನ್

ರಾತ್ರಿ ತಾಳಗುಪ್ಪ–ಮೈಸೂರು ರೈಲು ಹತ್ತಿದರೆ ಬೆಳಗಾಗುವ ಮುಂಚೆ ಬೆಂಗಳೂರು. ಮಗಳು ಇಲ್ಲೇ ಇದ್ದಾಳೆ ಅಂದಮೇಲೆ ಏನು ಕಷ್ಟ? ಫೀಸು ಖಾಸಗಿಯವರಿಗಿಂತ ಎಷ್ಟೋ ಕಡಿಮೆ. ಇನ್ಶೂರೆನ್ಸ್‌ಗೆ ಯಾಕೆ ಒದ್ದಾಡಬೇಕು?

ಡೆಸ್ಕ್ ಹಳಬ

ನಾನು ಬಹಳ ವರ್ಷ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೂತಿದ್ದವನು. ಗಾಜಿನ ಆ ಕಡೆಯಿಂದ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಜಂಬಗಾರು ಅವರೇ, ನಿಮಗೆ ಸಿಕ್ಕ ಎರಡು ಉತ್ತರಗಳಲ್ಲಿ ಫೋನ್ ಇಟ್ಟವರು ಹೇಳಿದ್ದೇ ಸರಿ. ಒರಟಾಗಿ ಹೇಳಿದರು ಅಷ್ಟೇ. ನಮ್ಮ ದೇಶದಲ್ಲಿ ಇನ್ಶೂರೆನ್ಸ್ ಕಂಪನಿ ಒಪ್ಪಂದ ಮಾಡಿಕೊಳ್ಳುವುದು ಆಸ್ಪತ್ರೆ ಜೊತೆ. ಡಾಕ್ಟರ ಜೊತೆ ಅಲ್ಲ. ಅದಕ್ಕೇ ಆ್ಯಪ್‌ನಲ್ಲಿ ಡಾಕ್ಟರ ಹೆಸರು ಬರುವುದಿಲ್ಲ. ಒಬ್ಬರೇ ನ್ಯೂರಾಲಜಿಸ್ಟ್ ಬೆಳಗ್ಗೆ ಒಂದು ಆಸ್ಪತ್ರೆಯಲ್ಲಿ, ಸಂಜೆ ಸ್ವಂತ ಕ್ಲಿನಿಕ್‌ನಲ್ಲಿ, ವಾರದಲ್ಲಿ ಒಂದು ದಿನ ಇನ್ನೊಂದು ಊರಿನಲ್ಲಿ ನೋಡುತ್ತಾರೆ. ಅದೇ ಡಾಕ್ಟರು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರೆ ಕ್ಯಾಶ್‌ಲೆಸ್, ಅಂದರೆ ಬಿಲ್ ಕಂಪನಿಯೇ ನೇರ ಕಟ್ಟುವುದು, ನಡೆಯುತ್ತದೆ. ಕ್ಲಿನಿಕ್‌ನಲ್ಲಿ ನೋಡಿದರೆ ಫೀಸು ಕೈಯಿಂದಲೇ. ಡಾಕ್ಟರು ಇನ್ಶೂರೆನ್ಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ.

ಇನ್ನು ನರದ ಕಾಯಿಲೆಗಳ ವಿಷಯ. ನಡುಕ, ಮೈಗ್ರೇನ್, ಫಿಟ್ಸ್, ಮರೆವು ಇವುಗಳಲ್ಲಿ ಖರ್ಚೆಲ್ಲ ಆಗುವುದು ಓಪಿಡಿಯಲ್ಲಿ. ಡಾಕ್ಟರ ಫೀಸು, ಎಂಆರ್‌ಐ, ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ), ಆಮೇಲೆ ತಿಂಗಳು ತಿಂಗಳು ಮಾತ್ರೆ. ಅಡ್ಮಿಟ್ ಆಗುವ ಸಂದರ್ಭ ಕಡಿಮೆ. ಮಾಮೂಲಿ ಪಾಲಿಸಿ ದುಡ್ಡು ಕೊಡುವುದು ಅಡ್ಮಿಟ್ ಆದಾಗ, ಸಾಮಾನ್ಯವಾಗಿ 24 ಗಂಟೆ ಮೇಲೆ, ಇಲ್ಲವೇ ಪಟ್ಟಿಯಲ್ಲಿರುವ ಡೇ-ಕೇರ್ (ಅದೇ ದಿನ ಮನೆಗೆ ಕಳಿಸುವ) ಚಿಕಿತ್ಸೆಗೆ. ಅಂದರೆ ನಿಮ್ಮ ಅಪ್ಪನ ಮೊದಲ ಭೇಟಿಗೆ 5 ಲಕ್ಷದ ಪಾಲಿಸಿಯಿಂದ ಬಹುಶಃ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಿದ್ದಾಗ ನೆಟ್‌ವರ್ಕ್ (ಒಪ್ಪಂದ ಇರುವ ಆಸ್ಪತ್ರೆಗಳ) ಪಟ್ಟಿ ನೋಡಿ ಡಾಕ್ಟರನ್ನು ಆರಿಸುವುದರಲ್ಲಿ ಅರ್ಥ ಇಲ್ಲ. ಮೊದಲ ಭೇಟಿಗೆ ಒಳ್ಳೆಯ ನ್ಯೂರಾಲಜಿಸ್ಟ್ ಯಾರು, ಯಾವ ದಿನ ಸಿಗುತ್ತಾರೆ ಅಂತ ನೋಡಿ. ಅವರು ಎಲ್ಲೆಲ್ಲಿ ಅಡ್ಮಿಟ್ ಮಾಡಿಸುತ್ತಾರೆ, ಅದರಲ್ಲಿ ನಿಮ್ಮ ಪಾಲಿಸಿ ನಡೆಯುವ ಆಸ್ಪತ್ರೆ ಯಾವುದು ಅಂತ ಬೇರೆಯಾಗಿ ತಿಳಿದುಕೊಂಡು ಬರೆದಿಟ್ಟುಕೊಳ್ಳಿ. ನಾಳೆ ಬಿದ್ದರು, ಪಾರ್ಶ್ವವಾಯು ಹೊಡೆಯಿತು ಅಂದರೆ ಅದು ಬೇಕಾಗುತ್ತದೆ.

ಹೆಚ್‌ಆರ್‌ಗೆ ಒಂದು ಮೇಲ್ ಹಾಕಿ. ಕೆಲವು ಕಂಪನಿಗಳು ಗ್ರೂಪ್ ಪಾಲಿಸಿ ಜೊತೆ ಓಪಿಡಿ ಮೊತ್ತ ಅಂತ ಬೇರೆ ಕೊಟ್ಟಿರುತ್ತವೆ. ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ. ಅಪ್ಪ, ಅಮ್ಮನಿಗೆ ಕೋ-ಪೇ (ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು) ಎಷ್ಟು, ರೂಮ್ ಬಾಡಿಗೆ ಮಿತಿ ಎಷ್ಟು ಅಂತಲೂ ಅದರಲ್ಲೇ ಕೇಳಿ. ರೂಮ್ ಮಿತಿ ದಾಟಿದರೆ ಜಾಸ್ತಿಯಾದ ಬಾಡಿಗೆ ಮಾತ್ರ ಕೈಯಿಂದ ಕೊಟ್ಟರೆ ಸಾಕು ಅಂದುಕೊಂಡಿರುತ್ತಾರೆ. ಹಲವು ಪಾಲಿಸಿಗಳಲ್ಲಿ ಡಾಕ್ಟರ ಫೀಸು, ನರ್ಸಿಂಗ್ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. ಡಿಸ್ಚಾರ್ಜ್ ದಿನ ನನ್ನ ಟೇಬಲ್ ಮುಂದೆ ಜಗಳ ಆಗುತ್ತಿದ್ದುದು ಮುಕ್ಕಾಲು ಪಾಲು ಇದಕ್ಕೇ.

ಆಸ್ಪತ್ರೆಗೆ ಫೋನ್ ಮಾಡಿದಾಗ ರಿಸೆಪ್ಷನ್‌ನವರನ್ನು ಕೇಳಬೇಡಿ. ಇನ್ಶೂರೆನ್ಸ್ ಡೆಸ್ಕ್‌ಗೆ ಕನೆಕ್ಟ್ ಮಾಡಿ ಅನ್ನಿ. ಇನ್ಶೂರೆನ್ಸ್ ಕಂಪನಿ ಹೆಸರು, ಟಿಪಿಎ ಹೆಸರು, ಗ್ರೂಪ್ ಪಾಲಿಸಿ ಅನ್ನುವುದು, ಮೂರನ್ನೂ ಹೇಳಿ ಇವತ್ತಿನ ತಾರೀಖಿಗೆ ಕ್ಯಾಶ್‌ಲೆಸ್ ನಡೆಯುತ್ತಿದೆಯಾ ಅಂತ ಕೇಳಿ. ಆ್ಯಪ್‌ನಲ್ಲಿ ಹೆಸರಿದ್ದರೂ ರೇಟಿನ ಜಗಳದಲ್ಲಿ ಕ್ಯಾಶ್‌ಲೆಸ್ ನಿಂತಿರುವುದು ಉಂಟು.

ಜಂಬಗಾರು

ಸರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಗೂಗಲ್‌ನಲ್ಲಿ ನೋಡಿದರೆ ಎಲ್ಲ ಕಡೆ ಇನ್-ನೆಟ್‌ವರ್ಕ್ ನ್ಯೂರಾಲಜಿಸ್ಟ್ ಹುಡುಕಿ, ಪ್ರೈಮರಿ ಡಾಕ್ಟರಿಂದ ರೆಫರಲ್ ತೆಗೆದುಕೊಳ್ಳಿ ಅಂತಲೇ ಇದೆ.

ನ್ಯೂಜೆರ್ಸಿ ಕನ್ನಡಿಗ

ಅದು ನಮ್ಮ ಕಡೆಯ ಕಥೆ! ಅಮೆರಿಕದಲ್ಲಿ ಡಾಕ್ಟರೇ ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿ ಇರಬೇಕು. ಎಚ್‌ಎಂಒ ಪ್ಲಾನ್ ಆದರೆ ಮನೆ ಡಾಕ್ಟರು ಚೀಟಿ ಕೊಡದೆ ಸಾಮಾನ್ಯವಾಗಿ ಸ್ಪೆಷಲಿಸ್ಟ್ ಹತ್ತಿರ ಹೋಗುವ ಹಾಗಿಲ್ಲ. ಓಪಿಡಿ ಭೇಟಿಗೂ ಇನ್ಶೂರೆನ್ಸ್ ಇದೆ, ಆದರೆ ಹೊಸ ಪೇಷಂಟ್ ಅಂದರೆ ನ್ಯೂರಾಲಜಿಸ್ಟ್ ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಊರಿಗೆ ಬಂದಾಗ ಅಮ್ಮನನ್ನು ಬೆಳಗ್ಗೆ ಫೋನ್ ಮಾಡಿ ಸಂಜೆ ತೋರಿಸಿದ್ದೆ. ಫೀಸು ಕೈಯಿಂದ ಹೋಯಿತು, ಆದರೆ ಅದೇ ದಿನ ನೋಡಿದರಲ್ಲ.

ಪಾಲಿಸಿ ಗುರು

ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು ದಿನ ಅಡ್ಮಿಟ್ ಮಾಡಿಸಿ. ಎಂಆರ್‌ಐ, ರಕ್ತ ಪರೀಕ್ಷೆ ಎಲ್ಲ ಒಳಗೇ ಮಾಡಿಸಿ ಕ್ಲೇಮ್ ಹಾಕಿ. ಎಲ್ಲರೂ ಮಾಡುವುದು ಅದನ್ನೇ. ಮತ್ತೆ ನಡುಕ ಒಂದು ವರ್ಷದಿಂದ ಅಂತ ಡಾಕ್ಟರಿಗೆ ಹೇಳಬೇಡಿ. ಹೋದ ತಿಂಗಳಿಂದ ಅನ್ನಿ. ಇಲ್ಲದಿದ್ದರೆ ಹಳೇ ಕಾಯಿಲೆ ಅಂತ ರಿಜೆಕ್ಟ್ ಮಾಡುತ್ತಾರೆ.

ಡೆಸ್ಕ್ ಹಳಬ

ಗುರುಗಳೇ, ಈ ಸಲಹೆ ಕೇಳಿಕೊಂಡು ಬಂದವರ ಫೈಲ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬರೀ ಪರೀಕ್ಷೆಗೋಸ್ಕರ ಅಡ್ಮಿಟ್ ಆದರೆ ಕೊಡುವುದಿಲ್ಲ ಅಂತ ಪಾಲಿಸಿಯಲ್ಲೇ ಅಚ್ಚಾಗಿದೆ. ನಿಮ್ಮ ಪಾಲಿಸಿ ಪುಸ್ತಕ ತೆಗೆದು ಎಕ್ಸ್‌ಕ್ಲೂಷನ್ ಪುಟದಲ್ಲಿ ಕೋಡ್ ಎಕ್ಸ್‌ಸಿಎಲ್ 04 ನೋಡಿ. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಪದಗಳಲ್ಲಿ ಬರೆಸಿರುವ ಷರತ್ತು ಅದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಂಆರ್‌ಐ ಬಿಟ್ಟರೆ ಬೇರೆ ಚಿಕಿತ್ಸೆಯೇ ಇಲ್ಲ ಅಂದರೆ ಕ್ಲೇಮ್ ಅಲ್ಲಿಗೇ ನಿಂತಿತು. ಆಮೇಲೆ ಓಪಿಡಿಯಲ್ಲಿ ಮುಗಿಯುತ್ತಿದ್ದ ಎಂಆರ್‌ಐ ಜೊತೆಗೆ ರೂಮ್ ಬಾಡಿಗೆಯೂ ಕೈಯಿಂದಲೇ.

ಫಿಟ್ಸ್‌ನಲ್ಲಿ ವಿಡಿಯೋ ಇಇಜಿಗೆ ದಿನಗಟ್ಟಲೆ ಮಲಗಿಸಬೇಕಾಗುತ್ತದೆ. ಅದು ಬೇರೆ ವಿಷಯ. ಅಂಥ ಕಡೆ ಯಾಕೆ ಅಡ್ಮಿಷನ್ ಬೇಕು ಅಂತ ಡಾಕ್ಟರೇ ಬರೆದುಕೊಡುತ್ತಾರೆ. ಮೊದಲೇ ಪ್ರಿ-ಆಥ್ (ಕಂಪನಿಯ ಮುಂಗಡ ಒಪ್ಪಿಗೆಗೆ ಅರ್ಜಿ) ಹಾಕಿಸಿ ಉತ್ತರ ಬಂದ ಮೇಲೆ ಅಡ್ಮಿಟ್ ಆಗಬೇಕು.

ಕರಾವಳಿ ನರ್ಸಕ್ಕ

ಎರಡನೇ ಸಲಹೆಗೆ ನಾನು ಉತ್ತರ ಕೊಡುತ್ತೇನೆ. ಡಾಕ್ಟರಿಗೆ ಸುಳ್ಳು ಹೇಳಿ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಡುಕ ಒಂದು ವರ್ಷದಲ್ಲಿ ನಿಧಾನವಾಗಿ ಬಂದಿದ್ದಾ, ಹೋದ ತಿಂಗಳು ಇದ್ದಕ್ಕಿದ್ದಂತೆ ಶುರುವಾಗಿದ್ದಾ ಅನ್ನುವುದರ ಮೇಲೆ ಡಾಕ್ಟರು ಯೋಚಿಸುವ ದಾರಿಯೇ ಬೇರೆ ಆಗುತ್ತದೆ. ಪಾರ್ಕಿನ್ಸನ್ ಕಾಯಿಲೆಯನ್ನು ಹೆಚ್ಚಾಗಿ ಪತ್ತೆ ಹಚ್ಚುವುದೇ ರೋಗಿಯ ಮಾತು ಕೇಳಿ, ನಡಿಗೆ ನೋಡಿ, ಕೈ ಮಡಚಿಸಿ ನೋಡಿ. ಸ್ಕ್ಯಾನ್ ಮಾಡುವುದು ಬೇರೆ ಕಾರಣ ಏನಾದರೂ ಇದೆಯಾ ಅಂತ ನೋಡಲು. ಕಥೆಯೇ ಸುಳ್ಳಾದರೆ ಏನು ಪ್ರಯೋಜನ?

ತಂಗಿ, ನೀನು ಒಂದು ಕೆಲಸ ಮಾಡು. ಅಪ್ಪ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗು. ಬಿಪಿ, ಶುಗರ್ ಮಾತ್ರೆ ಅಷ್ಟೇ ಅಲ್ಲ. ಗ್ಯಾಸಿಗೆ, ತಲೆಸುತ್ತಿಗೆ, ನಿದ್ದೆಗೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದುಕೊಂಡಿರುತ್ತಾರಲ್ಲ, ಅವೂ ಬೇಕು. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್, ಗ್ಯಾಸ್ ಕ್ಯಾಪ್ಸೂಲ್‌ಗಳಲ್ಲಿ ಸೇರಿರುವ ಲೆವೊಸಲ್ಪಿರೈಡ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಇವನ್ನೆಲ್ಲ ಬಹಳ ಕಾಲ ತೆಗೆದುಕೊಂಡರೆ ವಯಸ್ಸಾದವರಲ್ಲಿ ಪಾರ್ಕಿನ್ಸನ್ ಥರವೇ ನಡುಕ, ನಿಧಾನ ಕಾಣಿಸಿಕೊಳ್ಳಬಹುದು. ಹಾಗಂತ ನೀನಾಗೇ ನಿಲ್ಲಿಸಬೇಡ. ಡಾಕ್ಟರ ಮುಂದೆ ಇಡು ಅಷ್ಟೇ.

ಫೋನಿನಲ್ಲಿ ಒಂದೆರಡು ವಿಡಿಯೋ ಮಾಡಿಕೋ. ಸುಮ್ನೆ ಕೂತಿದ್ದಾಗಿನದು, ನಡೆದು ತಿರುಗುವಾಗಿನದು. ಡಾಕ್ಟರ ರೂಮಿಗೆ ಹೋದಾಗ ಎಷ್ಟೋ ಜನಕ್ಕೆ ನಡುಕ ನಿಂತುಹೋಗಿರುತ್ತದೆ. ಆ ಹಳೇ ಪಾಸ್‌ಬುಕ್ಕೂ ಇರಲಿ. ಸಹಿ ಚಿಕ್ಕದಾಗುವುದು ಡಾಕ್ಟರಿಗೆ ದೊಡ್ಡ ಸುಳಿವು.

ಡೆಸ್ಕ್ ಹಳಬ

ನರ್ಸಕ್ಕ ಹೇಳಿದ್ದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಗ್ರೂಪ್ ಪಾಲಿಸಿಗಳಲ್ಲಿ ಹಳೇ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇರುವುದು ಸಾಮಾನ್ಯ. ಹಾಗಿದ್ದರೆ ಮುಚ್ಚಿಡುವ ಅಗತ್ಯವೇ ಇಲ್ಲ. ಸ್ವಂತ ಪಾಲಿಸಿ ಇರುವವರಿಗೆ ಕಾಯುವ ಅವಧಿ ಮೊದಲು 4 ವರ್ಷದವರೆಗೆ ಇರಬಹುದಿತ್ತು, 2024ರಿಂದ ಅದನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿದ್ದಾರೆ. 60 ತಿಂಗಳು ಬಿಡದೆ ಪಾಲಿಸಿ ನಡೆಸಿಕೊಂಡು ಬಂದರೆ, ಮೊದಲು ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವ ಹಾಗಿಲ್ಲ. ಮೋಸ ಅಂತ ಸಾಬೀತಾದರೆ ಮಾತ್ರ ಬೇರೆ. ತಾರೀಖು ತಿರುಚಿ ಹೇಳಿಸುವುದು ಆ ಮೋಸದ ಕಡೆಗೇ ವಾಲುತ್ತದೆ.

ಜಂಬಗಾರು

ಒಂದು ಡೌಟು. ಪಟ್ಟಿಯಲ್ಲಿರುವ ಒಂದು ಆಸ್ಪತ್ರೆಯವರು "ನ್ಯೂರೋ ಡಾಕ್ಟರ್ ಇದ್ದಾರೆ, ಬನ್ನಿ" ಅಂದರು. ವೆಬ್‌ಸೈಟ್ ನೋಡಿದರೆ ಅವರು ನ್ಯೂರೋ ಸರ್ಜನ್. ಅವರಿಗೆ ತೋರಿಸಬಹುದಾ?

ಕರಾವಳಿ ನರ್ಸಕ್ಕ

ತಲೆಗೆ ಪೆಟ್ಟು, ಗೆಡ್ಡೆ, ಬೆನ್ನುಹುರಿ ಆಪರೇಷನ್ ಅಂದರೆ ಸರ್ಜನ್. ಅವರ ಹೆಸರಿನ ಮುಂದೆ ಸಾಮಾನ್ಯವಾಗಿ ಎಂಸಿಎಚ್ ಅಂತ ಇರುತ್ತದೆ. ನಿಮಗೆ ಬೇಕಾಗಿರುವುದು ನ್ಯೂರಾಲಜಿಯಲ್ಲಿ ಡಿಎಂ ಅಥವಾ ಡಿಎನ್‌ಬಿ ಮಾಡಿದವರು. ಸಣ್ಣ ಊರಿನಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಸರ್ಜನ್‌ಗಳೇ ನಡುಕ, ತಲೆನೋವು ಎಲ್ಲ ನೋಡುತ್ತಾರೆ. ತಪ್ಪೇನಿಲ್ಲ. ಆದರೆ ಇದು ವರ್ಷಗಟ್ಟಲೆ ಮಾತ್ರೆ ಹೊಂದಿಸುತ್ತಾ ಹೋಗುವ ಕಾಯಿಲೆ ಆಗಿದ್ದರೆ ನ್ಯೂರಾಲಜಿಸ್ಟೇ ಒಳ್ಳೆಯದು.

ನಿವೃತ್ತ ಮೇಷ್ಟ್ರು

ಅಮ್ಮಾ ಜಂಬಗಾರು, ಆ ಡಿಎಂ ಅನ್ನುವ ಎರಡು ಅಕ್ಷರಕ್ಕೆ ಇನ್ನೊಂದು ಉಪಯೋಗ ಇದೆ. ಇನ್ಶೂರೆನ್ಸ್ ಕೊಡದ ದುಡ್ಡಿನಲ್ಲಿ ಸ್ವಲ್ಪ ಆದಾಯ ತೆರಿಗೆಯಲ್ಲಿ ಉಳಿಸಬಹುದು. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 80ಡಿಡಿಬಿ ಅಂತ ಜನ ಕರೆಯುವ ಒಂದು ರಿಯಾಯಿತಿ ಇದೆ. ಪಾರ್ಕಿನ್ಸನ್, ಡಿಮೆನ್ಷಿಯಾ, ಮೋಟರ್ ನ್ಯೂರಾನ್ ಕಾಯಿಲೆ, ಅಟಾಕ್ಸಿಯಾ ಎಲ್ಲ ಅದರ ಪಟ್ಟಿಯಲ್ಲಿವೆ. ಅಪ್ಪನಿಗೆ 60 ದಾಟಿರುವುದರಿಂದ ನೀವು ಖರ್ಚು ಮಾಡಿದ್ದರಲ್ಲಿ 1 ಲಕ್ಷದವರೆಗೆ ನಿಮ್ಮ ಆದಾಯದಿಂದ ಕಳೆಯಬಹುದು. 60ರ ಒಳಗಿನವರಾದರೆ 40,000. ಇನ್ಶೂರೆನ್ಸ್‌ನಿಂದ ಬಂದದ್ದನ್ನು ಅದರಲ್ಲಿ ಕಳೆಯಬೇಕು. ಅಂಗವೈಕಲ್ಯ ಶೇ 40 ಮತ್ತು ಮೇಲೆ ಅಂತ ದೃಢಪಟ್ಟಿರಬೇಕು, ಚೀಟಿ ನ್ಯೂರಾಲಜಿಯಲ್ಲಿ ಡಿಎಂ ಅಥವಾ ಅದಕ್ಕೆ ಸಮಾನವಾದ ಡಿಗ್ರಿ ಇರುವವರದ್ದೇ ಆಗಿರಬೇಕು. ಹಾಗಾಗಿ ಶುರುವಿನಲ್ಲೇ ಉಪಯೋಗಕ್ಕೆ ಬರುವುದಿಲ್ಲ. ಆದರೂ ಬಿಲ್‌ಗಳನ್ನು ಎಸೆಯಬೇಡಿ.

ನನ್ನ ಗೋಳು ಕೇಳಿ. ಸರ್ವಿಸ್‌ನಲ್ಲಿದ್ದಾಗ ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆ ಇತ್ತು, ಅದರಲ್ಲಿ ನರರೋಗವೂ ಸೇರಿತ್ತು. ಆಗ ನನಗೆ ಒಂದು ತಲೆನೋವೂ ಬರಲಿಲ್ಲ. ರಿಟೈರ್ ಆದಮೇಲೆ ಕಾರ್ಡು ಹೋಯಿತು, ಮೈಗ್ರೇನು ಬಂತು.

ಅಡಕೆ ತೋಟ

😂 ಮೇಷ್ಟ್ರೇ!

ಪೀಣ್ಯ ಶಿಫ್ಟ್

ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ಬಗ್ಗೆ ಯಾರೂ ಹೇಳಲಿಲ್ಲ. ಸಂಬಳ 21,000 ಒಳಗಿರುವ ನಮ್ಮಂಥವರಿಗೆ ಅದೇ ಗತಿ, ಮತ್ತೆ ಅದೇ ಒಳ್ಳೆಯದು ಕೂಡ. ಖಾಸಗಿ ಪಾಲಿಸಿಯಲ್ಲಿ ಇಲ್ಲದ ಓಪಿಡಿ ಇಲ್ಲಿ ಇದೆ. ಡಾಕ್ಟರು, ಪರೀಕ್ಷೆ, ಮಾತ್ರೆ ಎಲ್ಲ ಸೇರಿ. ನನ್ನ ಹೆಂಡತಿಗೆ ಫಿಟ್ಸ್ ಇದೆ. ಡಿಸ್ಪೆನ್ಸರಿಯಲ್ಲಿ ಚೀಟಿ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿ ಸೌಲಭ್ಯ ಇಲ್ಲ ಅಂದರೆ ಟೈ-ಅಪ್ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಓಡಾಟ ಜಾಸ್ತಿ, ನಿಜ. ರೆಫರ್ ಪತ್ರದ ಅವಧಿ ಮುಗಿದರೆ ಮತ್ತೆ ಮೊದಲಿನಿಂದ ಶುರು. ಒಂದು ದಿನ ಮುಂಚೆಯೇ ನೋಡಿಕೊಳ್ಳಬೇಕು. ಆದರೆ ಎಂಆರ್‌ಐಗೆ ನಾನು ದುಡ್ಡು ಕೊಡಲಿಲ್ಲ, ತಿಂಗಳ ಮಾತ್ರೆಗೂ ಕೊಡುತ್ತಿಲ್ಲ.

ಅಪ್ಪ, ಅಮ್ಮನನ್ನೂ ಸೇರಿಸಬಹುದು, ಅವರು ನಿಮ್ಮ ಮೇಲೆ ಅವಲಂಬಿತರಾಗಿದ್ದರೆ.

ಚಿತ್ರದುರ್ಗ ಕೋಟೆ

ಬಿಪಿಎಲ್ ಕಾರ್ಡಿನವರಿಗೆ ಹೇಗೆ? ನಮ್ಮ ಅಕ್ಕನ ಮಗನಿಗೆ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ಜೊತೆಗೆ ಫಿಟ್ಸ್. ಪ್ರತಿ ಸಲ ಖಾಸಗಿಗೆ ಹೋಗಿ ಸಾಲ ಆಗಿದೆ.

ಡೆಸ್ಕ್ ಹಳಬ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಇದು ಕೂಡ ಅಡ್ಮಿಟ್ ಆದಾಗಿನ ಚಿಕಿತ್ಸೆಗೇ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಪಡೆದು ಖಾಸಗಿಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವುದಕ್ಕೆ ರೆಫರಲ್ ಬೇಡ. ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋಗಿ, ಆಮೇಲೆ ಕಾರ್ಡ್ ತೋರಿಸಿ ಅಳುತ್ತಿದ್ದವರನ್ನು ನೋಡಿ ನೋಡಿ ನನಗೇ ಬೇಸರವಾಗುತ್ತಿತ್ತು. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಕರಾವಳಿ ನರ್ಸಕ್ಕ

ಮಗುವಿಗೆ ನಿರಾಮಯ ಮಾಡಿಸಿದ್ದಾರಾ ಕೇಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಯೋಜನೆ ಅದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ. ಅದರಲ್ಲಿ ಓಪಿಡಿ ಇದೆ, ಮಾತ್ರೆ ಇದೆ, ಥೆರಪಿಯೂ ಇದೆ. ಒಂದೊಂದಕ್ಕೂ ಒಳಮಿತಿ ಇರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಬೇಕು. ವರ್ಷ ವರ್ಷ ನವೀಕರಿಸುವುದನ್ನು ಮರೆಯಬಾರದು.

ಇನ್ನೊಂದು, ಪ್ರತಿ ಸಲ ಖಾಸಗಿಗೇ ಹೋಗಬೇಕಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿವೆ. ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಜಯನಗರ ಜನರಲ್ ಆಸ್ಪತ್ರೆಯಲ್ಲಿ ನಡೆಯಿತು. ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಬ್ರೈನ್ ಹೆಲ್ತ್ ಕ್ಲಿನಿಕ್ ಬಂದಿವೆ. ಫಿಟ್ಸ್, ಪಾರ್ಶ್ವವಾಯು, ಮರೆವು, ತಲೆನೋವು ನೋಡುತ್ತಾರೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಯಾವ ದಿನ ಅಂತ ವಿಚಾರಿಸಿ. ಜಂಬಗಾರು, ನೀನೂ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಒಮ್ಮೆ ಕೇಳಬಹುದು.

ಹುಬ್ಳಿ ಮಂದಿ

ಹಳಬ ಸರ್, ಆ 'ಕ್ಯಾಶ್‌ಲೆಸ್ ಎವೆರಿವೇರ್' ಅಂತ ಬಂತಲ್ರೀ, ನೆಟ್‌ವರ್ಕ್‌ನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ನಡೆಯುತ್ತದೆ ಅಂತ. ಅದು ಬಂದಮೇಲೂ ಪಟ್ಟಿ ಯಾಕೆ ನೋಡಬೇಕು?

ಡೆಸ್ಕ್ ಹಳಬ

ಒಳ್ಳೇ ಪ್ರಶ್ನೆ. 2024ರ ಜನವರಿಯಲ್ಲಿ ಬಂತು. ಮೊದಲೇ ಗೊತ್ತಿರುವ ಅಡ್ಮಿಷನ್ ಆದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು. ತುರ್ತು ಆದರೆ ಅಡ್ಮಿಟ್ ಆಗಿ 48 ಗಂಟೆಯೊಳಗೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆಸ್ಪತ್ರೆಯವರೂ ಒಪ್ಪಬೇಕಲ್ಲ? ದುಡ್ಡು ಯಾವಾಗ ಬರುತ್ತದೋ ಅಂತ ಹಿಂದೇಟು ಹಾಕುವವರು ಇದ್ದಾರೆ. ಅದಕ್ಕೆ ಪಟ್ಟಿಯಲ್ಲಿರುವ ಕಡೆಯೇ ಸುಲಭ. ಅಲ್ಲೂ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯಲ್ಲಿ ಉತ್ತರ ಕೊಡಬೇಕು ಅಂತ 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಹೇಳಿದೆ. ತಡ ಆದರೆ ಆ ಸುತ್ತೋಲೆಯ ಹೆಸರು ಹೇಳಿ. ಕೆಲಸ ಸ್ವಲ್ಪ ಚುರುಕಾಗುತ್ತದೆ.

ಇನ್ನೊಂದು ಪಟ್ಟಿಯನ್ನೂ ನೋಡಿ. ಪ್ರತಿ ಕಂಪನಿಯೂ ವೆಬ್‌ಸೈಟ್‌ನಲ್ಲಿ ಹೊರಗಿಟ್ಟ ಆಸ್ಪತ್ರೆಗಳ ಹೆಸರು ಹಾಕಿರುತ್ತದೆ. ಅಲ್ಲಿಗೆ ಹೋದರೆ ಕ್ಯಾಶ್‌ಲೆಸ್ ಇರಲಿ, ಆಮೇಲೆ ಬಿಲ್ ಕಳಿಸಿದರೂ ದುಡ್ಡು ಬರುವುದಿಲ್ಲ. ಪ್ರಾಣಾಪಾಯ ಅಥವಾ ಅಪಘಾತದ ಸಂದರ್ಭದಲ್ಲಿ, ರೋಗಿ ಸ್ಥಿರವಾಗುವವರೆಗಿನ ಖರ್ಚಿಗೆ ಮಾತ್ರ ವಿನಾಯಿತಿ.

ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಲಾಯರ್ ಬೇಕಿಲ್ಲ, ಫೀಸಿಲ್ಲ.

ಪಾಲಿಸಿ ಗುರು

ಓಪಿಡಿ ಆಡ್-ಆನ್ ಇರುವ ಪಾಲಿಸಿ ತೆಗೆದುಕೊಂಡರೆ ಈ ಸಮಸ್ಯೆಯೇ ಇಲ್ಲ. ಬೇಕಾದವರು ಮೆಸೇಜ್ ಮಾಡಿ.

ಪೀಣ್ಯ ಶಿಫ್ಟ್

ಬಂತು ನೋಡಿ ಅಂಗಡಿ.

ನಿವೃತ್ತ ಮೇಷ್ಟ್ರು

ಗುರುಗಳೇ, ನಾನು ವಿಚಾರಿಸಿದ್ದೆ. ನನ್ನ ವಯಸ್ಸಿಗೆ ಅವರು ಹೇಳಿದ ಹೆಚ್ಚುವರಿ ಕಂತು, ವರ್ಷಕ್ಕೆ ಸಿಗುವ ಓಪಿಡಿ ಮಿತಿಗೆ ಹತ್ತಿರ ಹತ್ತಿರ ಇತ್ತು. ಅದರ ಬದಲು ಅದೇ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಜನೌಷಧಿ ಕೇಂದ್ರದಲ್ಲಿ ಸಿಗುವ ಮಾತ್ರೆ ಅಲ್ಲಿ ತರುತ್ತೇನೆ, ಡಾಕ್ಟರನ್ನು ಕೇಳಿಕೊಂಡು.

ಜಂಬಗಾರು

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಹೋದ ವಾರ ಅಪ್ಪನನ್ನು ಶಿವಮೊಗ್ಗದಲ್ಲೇ ಡಿಎಂ ಆಗಿರುವ ನ್ಯೂರಾಲಜಿಸ್ಟ್‌ಗೆ ತೋರಿಸಿದೆವು. ಹೆಸರು ಇಲ್ಲಿ ಬೇಡ. ಕ್ಲಿನಿಕ್‌ನಲ್ಲೇ ನೋಡಿದ್ದು, ಫೀಸು ಕೈಯಿಂದಲೇ.

ನರ್ಸಕ್ಕ, ನೀವು ಹೇಳಿದ ಹಾಗೆ ಮಾತ್ರೆ ಕವರ್ ಟೇಬಲ್ ಮೇಲೆ ಸುರಿದೆ. ಡಾಕ್ಟರು ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದುತ್ತಾ ಹೋದರು. ಗ್ಯಾಸ್ ಕ್ಯಾಪ್ಸೂಲ್ ಸ್ಟ್ರಿಪ್ ಬಂದಾಗ ನಿಲ್ಲಿಸಿ, "ಇದು ಎಷ್ಟು ದಿನದಿಂದ?" ಅಂದರು. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ, "ಅದು ಅವಾಗಿಂದಲೂ ಇದೆ, ಊಟಕ್ಕೆ ಮುಂಚೆ ತಗೋತಾರೆ" ಅಂದಳು. ಅದರಲ್ಲಿ ಲೆವೊಸಲ್ಪಿರೈಡ್ ಇತ್ತು! ಅದನ್ನು ನಿಲ್ಲಿಸಿ ಬೇರೆ ಬರೆದುಕೊಟ್ಟಿದ್ದಾರೆ. ನಡುಕ ಅದರಿಂದಲೇ ಅಂತ ಈಗಲೇ ಹೇಳಲು ಆಗುವುದಿಲ್ಲ, ಒಂದೇ ಕಡೆ ಜಾಸ್ತಿ ಇರುವುದರಿಂದ ಪಾರ್ಕಿನ್ಸನ್ ಕೂಡ ಇರಬಹುದು, ಮಾತ್ರೆಯ ಪರಿಣಾಮ ಹೋಗಲು ತಿಂಗಳುಗಳೇ ಬೇಕು ಅಂದರು. ಎಂಆರ್‌ಐ ಆರಾಮಾಗಿ ಮಾಡಿಸಿ, ಅಡ್ಮಿಟ್ ಏನೂ ಬೇಡ ಅಂದರು. ಪಾಸ್‌ಬುಕ್ ನೋಡಿ, ಖಾಲಿ ಹಾಳೆಯಲ್ಲಿ ಒಂದೇ ವಾಕ್ಯವನ್ನು ಸಾಲಾಗಿ ಬರೆಸಿದರು. ಕೆಳಗೆ ಹೋಗುತ್ತಾ ಅಕ್ಷರ ಸಣ್ಣಗಾಗಿದ್ದು ನಮಗೂ ಕಾಣಿಸಿತು.

ಹೊರಡುವಾಗ ಹಳಬ ಸರ್ ಹೇಳಿದ್ದನ್ನು ಕೇಳಿದೆ: ಅಡ್ಮಿಟ್ ಮಾಡಬೇಕಾದರೆ ಎಲ್ಲಿ ಮಾಡಿಸುತ್ತೀರಿ ಅಂತ. ಎರಡು ಆಸ್ಪತ್ರೆ ಹೇಳಿದರು. ಎರಡರ ಇನ್ಶೂರೆನ್ಸ್ ಡೆಸ್ಕ್‌ಗೂ ಫೋನ್ ಮಾಡಿದೆ. ಆ್ಯಪ್ ಪಟ್ಟಿಯಲ್ಲಿ ಎರಡೂ ಇವೆ. ಆದರೆ ಒಂದು ಕಡೆ ನಮ್ಮ ಟಿಪಿಎ ಜೊತೆ ಸದ್ಯಕ್ಕೆ ಕ್ಯಾಶ್‌ಲೆಸ್ ನಿಂತಿದೆ ಅಂದರು. ಇನ್ನೊಂದರ ಹೆಸರು, ಡೆಸ್ಕ್ ನಂಬರ್ ಬರೆದು ಅಮ್ಮ ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ಹೆಚ್‌ಆರ್ ಉತ್ತರ ಇನ್ನೂ ಬಂದಿಲ್ಲ.

ಕರಾವಳಿ ನರ್ಸಕ್ಕ

ಒಳ್ಳೆಯದಾಯಿತು ತಂಗಿ. ಆ ಕ್ಯಾಪ್ಸೂಲ್ ಇನ್ನೊಂದು ಬ್ರ್ಯಾಂಡ್ ಹೆಸರಿನಲ್ಲಿ ಮತ್ತೆ ಮನೆಗೆ ಬರದಂತೆ ನೋಡಿಕೋ. ಹಿಂದಿನ ಅಕ್ಷರ ಓದದೆ ತೆಗೆದುಕೊಳ್ಳಬೇಡಿ ಅಂತ ಅಮ್ಮನಿಗೆ ಹೇಳು. ನಡುವೆ ನಡಿಗೆಯಲ್ಲಿ ವಾಲುವುದು, ಬೀಳುವುದು ಶುರುವಾದರೆ ಕೊಟ್ಟ ತಾರೀಖಿಗೆ ಕಾಯಬೇಡ.

ಮುಖ ಒಂದು ಕಡೆ ಎಳೆದುಕೊಂಡರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಆಗ ಫ್ರಿಜ್ ಮೇಲಿನ ಚೀಟಿ ನೋಡುತ್ತಾ ಕೂರಬಾರದು. ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಓಡಬೇಕು.

ಡೆಸ್ಕ್ ಹಳಬ

ಹೌದು. ತುರ್ತಿನಲ್ಲಿ ಮೊದಲು ಆಸ್ಪತ್ರೆ, ಆಮೇಲೆ ಕಾರ್ಡ್. ತಿಳಿಸಲು ಸಮಯ ಇರುತ್ತದೆ.

ಈಗಿನ ಫೀಸು, ಎಂಆರ್‌ಐ ಬಿಲ್ ಎಲ್ಲ ಒಂದು ಫೈಲ್‌ನಲ್ಲಿಡಿ. ಅದೇ ಕಾಯಿಲೆಗೆ ಮುಂದೆ ಅಡ್ಮಿಟ್ ಆಗಬೇಕಾಗಿ ಬಂದರೆ, ಅದಕ್ಕೆ ಮುಂಚಿನ 30 ದಿನ ಮತ್ತು ನಂತರದ 60 ದಿನದ ಓಪಿಡಿ ಖರ್ಚನ್ನು ಬಹಳ ಪಾಲಿಸಿಗಳು ಕೊಡುತ್ತವೆ. ನಿಮ್ಮದರಲ್ಲಿ ಎಷ್ಟು ದಿನ ಅಂತ ನೋಡಿಕೊಳ್ಳಿ. ಬಿಲ್ ಮೇಲೆ ಅಪ್ಪನ ಹೆಸರು ಪಾಲಿಸಿಯಲ್ಲಿ ಇರುವ ಹಾಗೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಪ್ರಶ್ನೆ ಕೇಳುತ್ತಾರೆ.

ಜಂಬಗಾರು

ಅಯ್ಯೋ, ಪಾಲಿಸಿಯಲ್ಲಿ ಊರಿನ ಹೆಸರು ಸೇರಿ ಉದ್ದ ಇದೆ. ಕ್ಲಿನಿಕ್ ರಸೀದಿಯಲ್ಲಿ ಬರೀ ಹೆಸರು. ನಾಳೆ ಫೋನ್ ಮಾಡಿ ಸರಿ ಮಾಡಿಸುತ್ತೇನೆ.

ಚಿತ್ರದುರ್ಗ ಕೋಟೆ

ನಿರಾಮಯ ಫಾರಂ ಎಲ್ಲಿ ಸಿಗುತ್ತದೆ ನರ್ಸಕ್ಕ? ಆನ್‌ಲೈನಾ?

ಕರಾವಳಿ ನರ್ಸಕ್ಕ

ಆನ್‌ಲೈನಲ್ಲಿ ಇದೆ, ನ್ಯಾಷನಲ್ ಟ್ರಸ್ಟ್ ವೆಬ್‌ಸೈಟ್‌ನಲ್ಲಿ. ಅಕ್ಕನಿಗೆ ಕಷ್ಟ ಆದರೆ ನಿಮ್ಮ ಜಿಲ್ಲೆಯಲ್ಲಿ ಟ್ರಸ್ಟ್‌ಗೆ ನೋಂದಾಯಿಸಿದ ಸಂಸ್ಥೆ ಇದ್ದರೆ ಅವರೇ ತುಂಬಿಕೊಡುತ್ತಾರೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಯಾವ ಸಂಸ್ಥೆ ಅಂತ ಹೇಳುತ್ತಾರೆ. ಹೋಗುವಾಗ ಮಗುವಿನ ಯುಡಿಐಡಿ (ಅಂಗವೈಕಲ್ಯ ಗುರುತಿನ) ಕಾರ್ಡ್, ಆಧಾರ್, ಬಿಪಿಎಲ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಟ್ಟುಕೊಳ್ಳಲಿ.